ಬಣ್ಣ ನೋಡಿ ಕೂಲಂಟ್ ಹಾಕುವ ಗ್ಯಾರೇಜಿನವರಿದ್ದಾರೆ, ಹುಷಾರು!

ಕಾರು ಸರ್ವಿಸಿಗೆ ಬಿಟ್ಟವರು ಬಿಲ್ಲಿನಲ್ಲಿ ‘ಕೂಲಂಟ್ ಟಾಪ್ ಅಪ್’ (ಎಂಜಿನ್ ತಣಿಸುವ ದ್ರವ ಕಡಿಮೆಯಾದಷ್ಟು ತುಂಬಿಸಿದ್ದು) ಎಂಬ ಸಾಲು ಕಂಡರೆ, ಯಾವ ಕೂಲಂಟ್, ಯಾವ ನೀರು ಎಂದು ಕೇಳಿಯೇ ದುಡ್ಡು ಕೊಡಿ. ನಮ್ಮ ಕಾರಿನಲ್ಲಿ ಮೊದಲಿನಿಂದಲೂ ಇದ್ದದ್ದು ಗುಲಾಬಿ ಕೂಲಂಟ್. ಊರಿನ ಗ್ಯಾರೇಜಿನವರು ಮಟ್ಟ ಇಳಿದಿದೆಯೆಂದು ತಮ್ಮಲ್ಲಿದ್ದ ಹಸಿರು ಕೂಲಂಟನ್ನು ನಲ್ಲಿಯ ಬೋರ್‌ವೆಲ್ ನೀರಿನೊಂದಿಗೆ ಬೆರೆಸಿ ಸುರಿದಿದ್ದರು. ಇದು ಗೊತ್ತಾಗಿದ್ದು ಎಲ್ಲ ಕೆಟ್ಟ ಮೇಲೆ.

ಮಂಗಳೂರಿನಿಂದ ಹಾಸನಕ್ಕೆ ಬರುವಾಗ ಗುಂಡ್ಯ ದಾಟಿ ಶಿರಾಡಿ ಘಾಟಿಯ ಏರು ಶುರುವಾದೊಡನೆ ಟೆಂಪರೇಚರ್ ಮುಳ್ಳು ಮೇಲೇರತೊಡಗಿತು. ಎ.ಸಿ. ಆರಿಸಿದರೂ ಇಳಿಯಲಿಲ್ಲ. ಮುಂದೆ ಲಾರಿಗಳ ಸಾಲು, ನಿಲ್ಲಿಸಲು ಜಾಗವಿಲ್ಲ. ಕೊನೆಗೂ ಬದಿಗೆ ತೆಗೆದುಕೊಳ್ಳುವಷ್ಟರಲ್ಲಿ ಬಾನೆಟ್ಟಿನಿಂದ ಹಬೆ ಏಳುತ್ತಿತ್ತು. ಸಕಲೇಶಪುರದವರೆಗೆ ಕಾರನ್ನು ಎಳೆಸಿಕೊಂಡು ಬಂದಾಯಿತು. ಎಂಜಿನ್ ಪೂರ್ತಿ ತಣಿದ ಮೇಲೆ ಅಲ್ಲಿನ ಮೆಕ್ಯಾನಿಕ್ ಮುಚ್ಚಳ ತೆಗೆದು, ಬೆರಳು ಅದ್ದಿ ತೋರಿಸಿದರು: ರಾಗಿ ಅಂಬಲಿಯಂಥ ಕಂದು ಲೋಳೆ. ಬಿಸಿಗೆ ತಕ್ಕಂತೆ ಕೂಲಂಟಿನ ಹರಿವು ಬಿಡುವ ಥರ್ಮೋಸ್ಟ್ಯಾಟಿನ ಬಾಯಿಗೂ ಅದೇ ಮೆತ್ತಿಕೊಂಡಿತ್ತು. ಎಂಜಿನ್ನಿನ ಮೇಲ್ಭಾಗವನ್ನು ಸೋರದಂತೆ ಕೂಡಿಸುವ ಹೆಡ್ ಗ್ಯಾಸ್ಕೆಟ್ ಹೋಗಿತ್ತು. ಖರ್ಚಿನ ಮಾತು ಬೇಡ. ಹಳೆಯ ಗ್ಯಾರೇಜಿಗೆ ಫೋನ್ ಮಾಡಿದರೆ, ‘ಘಾಟಿ ಹತ್ತುವಾಗ ಯಾವ ಕಾರಾದರೂ ಬಿಸಿಯಾಗುತ್ತದೆ ಸಾರ್, ಕೂಲಂಟ್ ಎಲ್ಲ ಒಂದೇ’ ಎಂಬ ಉತ್ತರ ಬಂತು.

ಒಂದೇ ಅಲ್ಲ. ಹೆಚ್ಚಿನವುಗಳ ಮೂಲದ್ರವ ಎಥಿಲೀನ್ ಗ್ಲೈಕಾಲ್ ಎಂಬುದು ನಿಜ. ಆದರೆ ತುಕ್ಕು ತಡೆಯಲು ಸೇರಿಸುವ ರಾಸಾಯನಿಕಗಳು ಬೇರೆ ಬೇರೆ. ಹಳೆಯ ಬಗೆಯದರಲ್ಲಿ ಸಿಲಿಕೇಟಿನಂಥ ಲವಣಗಳು, ಹೊಸದರಲ್ಲಿ ಸಾವಯವ ಆಮ್ಲಗಳು. ಜಪಾನಿನ ಕಾರುಗಳ ಕೂಲಂಟಿನಲ್ಲಿ ಸಾಮಾನ್ಯವಾಗಿ ಫಾಸ್ಫೇಟ್ ಕೂಡ ಇರುತ್ತದೆ. ಹೊಂದದ ಎರಡನ್ನು ಬೆರೆಸಿದರೆ ತುಕ್ಕು ತಡೆಯುವ ಗುಣ ಕುಗ್ಗುತ್ತದೆ, ಕೆಲವೊಮ್ಮೆ ಲೋಳೆ ಕಟ್ಟುತ್ತದೆ. ಬೋರ್‌ವೆಲ್ ನೀರಿನ ಕ್ಯಾಲ್ಸಿಯಂ ಫಾಸ್ಫೇಟಿನೊಡನೆ ಸೇರಿ ರೇಡಿಯೇಟರಿನ ಸಣ್ಣ ಕೊಳವೆಗಳಲ್ಲಿ ಬಿಳಿ ಪದರವಾಗಿ ಕೂರುತ್ತದೆ. ಇನ್ನು ಬಣ್ಣ ಬರೀ ಡೈ. ಹಸಿರೆಂದರೆ ಇಂಥದ್ದೇ ಎಂದು ಎಲ್ಲ ಕಂಪನಿಗಳೂ ಒಪ್ಪಿದ ನಿಯಮವಿಲ್ಲ. ಹಸಿರಿಗೆ ಹಸಿರೇ ಸುರಿದರೂ ಎಡವಟ್ಟಾಗಬಹುದು.

ಕಾರಿನ ಜೊತೆ ಕೊಟ್ಟ ಕೈಪಿಡಿಯಲ್ಲಿ ಯಾವ ಬಗೆ ಬೇಕೆಂದು ಬರೆದಿರುತ್ತದೆ. ಅದನ್ನೇ ಸೀಲ್ ಒಡೆಯದ ಡಬ್ಬಿಯಲ್ಲಿ ತಂದು, ನಿಮ್ಮ ಕಣ್ಣೆದುರೇ ಹಾಕಿಸಿ. ಪ್ರೀಮಿಕ್ಸ್ (ನೀರು ಬೆರೆಸಿಯೇ ಬಂದದ್ದು) ಆದರೆ ನೀರು ಸೇರಿಸುವ ಹಾಗಿಲ್ಲ. ಕಾನ್ಸಂಟ್ರೇಟ್ (ನೀರು ಬೆರೆಸದ್ದು) ಆದರೆ ಸಾಮಾನ್ಯವಾಗಿ ಸಮಪಾಲು ಡಿಸ್ಟಿಲ್ಡ್ ವಾಟರ್. ‘ಕೂಲಂಟ್ ಇರುವುದು ನೀರು ಹೆಪ್ಪುಗಟ್ಟದಿರಲೆಂದು, ನಮ್ಮಲ್ಲಿ ಹಿಮ ಬೀಳುತ್ತದೆಯೇ, ಬರೀ ನೀರು ಸಾಕು’ ಎನ್ನುವ ಪಂಡಿತರೂ ಇದ್ದಾರೆ. ನೀರು 100 ಡಿಗ್ರಿಗೆ ಕುದಿದರೆ ಸಮಪಾಲು ಮಿಶ್ರಣ ಸುಮಾರು 107ಕ್ಕೆ ಕುದಿಯುತ್ತದೆ, ಘಾಟಿಯಲ್ಲಿ ಆ ಅಂತರಕ್ಕೆ ಬೆಲೆಯಿದೆ. ತುಕ್ಕು ತಡೆಯುವ ಕೆಲಸವಂತೂ ಬರೀ ನೀರಿನಿಂದ ಆಗದು.

ಈಗಾಗಲೇ ಬೆರಕೆ ಆಗಿದೆ ಎಂಬ ಅನುಮಾನವಿದ್ದರೆ ರೇಡಿಯೇಟರನ್ನಷ್ಟೇ ಖಾಲಿ ಮಾಡಿಸಿ ಸುಮ್ಮನಾಗಬೇಡಿ. ಎಂಜಿನ್ ಒಳಗೆ ಹಳೆಯದು ಸಾಕಷ್ಟು ಉಳಿದಿರುತ್ತದೆ. ಪೂರ್ತಿ ಫ್ಲಶ್ ಮಾಡಿಸಿ. ತೆಗೆದ ದ್ರವವನ್ನು ಅಂಗಳಕ್ಕೆ ಚೆಲ್ಲಬೇಡಿ, ಸಿಹಿಯಾಗಿರುವುದರಿಂದ ನಾಯಿಗಳು ನೆಕ್ಕುತ್ತವೆ, ಅದು ವಿಷ.