ಫ್ರೀಕ್ಯಾಡ್ 1.0: ಮೆಷಿನ್ ಪಾರ್ಟ್ ಮಾಡೆಲಿಂಗ್ ಕಲಿಯೋರಿಗೆ ಹೇಗಿದೆ?

ಕ್ಯಾಡ್ (ಕಂಪ್ಯೂಟರ್‌ನಲ್ಲಿ ವಿನ್ಯಾಸ ಮಾಡೋದು) ಕಲಿಯಬೇಕು, ಯಾವ ಸಾಫ್ಟ್‌ವೇರ್ ಹಾಕಿಕೊಳ್ಳಲಿ ಅಂತ ಯಾರೇ ಕೇಳಿದರೂ ನಾನು ಈಗ ಹೇಳೋದು ಫ್ರೀಕ್ಯಾಡ್ ಹೆಸರನ್ನೇ. ದುಡ್ಡು ಕೊಡಬೇಕಿಲ್ಲ, ವಿಂಡೋಸ್, ಲಿನಕ್ಸ್, ಮ್ಯಾಕ್ ಮೂರರಲ್ಲೂ ಓಡುತ್ತೆ. ಅದೆಲ್ಲ ಸರಿ. ಆದರೆ ನನಗೆ ಇದು ಹಿಡಿಸಿದ್ದು ಬೇರೆ ಕಾರಣಕ್ಕೆ. ಒಂದು ಪಾರ್ಟ್‌ನಲ್ಲಿ ಯಾವ ಅಳತೆ ಯಾವುದರ ಮೇಲೆ ನಿಂತಿದೆ ಅನ್ನೋದನ್ನ ಇದು ಕಣ್ಣೆದುರಿಗೇ ಇಡುತ್ತೆ, ಮುಚ್ಚಿಡಲ್ಲ. ಮೆಕ್ಯಾನಿಕಲ್ ಮಾಡೆಲಿಂಗ್‌ನಲ್ಲಿ ಕಲಿಯಬೇಕಾದ್ದು ಹೆಚ್ಚುಕಡಿಮೆ ಅಷ್ಟೇ. ಬಟನ್ ಎಲ್ಲಿದೆ ಅಂತ ಕಲಿಯೋಕೆ ಜಾಸ್ತಿ ದಿನ ಬೇಕಾಗಲ್ಲ.

ಫ್ರೀಕ್ಯಾಡ್ 2002ರಿಂದಲೂ ಇದೆ. 1.0 ಆವೃತ್ತಿ ಬಂದದ್ದು ಮಾತ್ರ 2024ರ ನವೆಂಬರ್‌ನಲ್ಲಿ. ಅದಕ್ಕೂ ಮುಂಚಿನದನ್ನ ನೋಡಿ ಬೇಸತ್ತು ಬಿಟ್ಟವರು ತುಂಬಾ ಜನ ಇದ್ದಾರೆ, ಅವರು ಇನ್ನೊಮ್ಮೆ ನೋಡಬೇಕು. ಕಾರಣ ಮುಂದೆ ಹೇಳ್ತೀನಿ.

ಸುಮ್ನೆ ಹೊಗಳೋದಕ್ಕಿಂತ ಒಂದು ಪಾರ್ಟ್ ಇಟ್ಟುಕೊಂಡೇ ಮಾತಾಡೋಣ. 6204 ಅನ್ನೋ ನಂಬರಿನ ಬೇರಿಂಗ್ ಕೂರಿಸೋ ಒಂದು ಹೌಸಿಂಗ್ (ಬೇರಿಂಗ್‌ನ ಗೂಡು) ಅಂದುಕೊಳ್ಳಿ, ಬೋಲ್ಟ್ ಹಾಕೋಕೆ ಚೌಕ ಫ್ಲೇಂಜ್ (ಚಪ್ಪಟೆ ತಳ) ಇರೋದು. ಆ ಬೇರಿಂಗ್‌ನ ಒಳ ವ್ಯಾಸ 20 ಮಿ.ಮೀ., ಹೊರ ವ್ಯಾಸ 47, ಅಗಲ 14. ಫ್ಲೇಂಜ್ 90ಕ್ಕೆ 90, ದಪ್ಪ 12. ಮಧ್ಯದಲ್ಲಿ 62 ವ್ಯಾಸದ ಬಾಸ್ (ಮೇಲೆದ್ದ ದುಂಡು ಭಾಗ), ಅದರೊಳಗೆ ಬೇರಿಂಗ್ ಕೂರೋ 47ರ ಬೋರ್ (ಕೊರೆದ ಗುಂಡಿ), ಬೇರಿಂಗ್ ಒರಗೋಕೆ ಒಂದು ಮೆಟ್ಟಿಲು, ಕೆಳಗೆ ಆಚೆ ಬದಿಗೆ ಹಾದುಹೋಗೋ 38ರ ತೂತು. ನಾಲ್ಕು ಮೂಲೆಯಲ್ಲಿ ಎಂ8 (8 ಮಿ.ಮೀ. ವ್ಯಾಸದ) ಬೋಲ್ಟ್‌ಗೆ ತೂತುಗಳು, ಪಕ್ಕಪಕ್ಕದವು ಮಧ್ಯದಿಂದ ಮಧ್ಯಕ್ಕೆ 70 ಮಿ.ಮೀ. ಕಲಿಯೋರಿಗೆ ಇದಕ್ಕಿಂತ ಒಳ್ಳೆ ಪಾರ್ಟ್ ಬೇಕಿಲ್ಲ, ಯಾಕಂದ್ರೆ ಇದರಲ್ಲಿರೋ ಪ್ರತಿ ಅಳತೆಗೂ ಒಂದು ಕಾರಣ ಇದೆ.

ಪಾರ್ಟ್ ಡಿಸೈನ್ ವರ್ಕ್‌ಬೆಂಚ್ (ಒಂದೊಂದು ಕೆಲಸದ ಟೂಲ್‌ಗಳ ಗುಂಪಿಗೆ ಇಲ್ಲಿ ವರ್ಕ್‌ಬೆಂಚ್ ಅಂತಾರೆ) ತೆಗೆದು, ಒಂದು ಬಾಡಿ (ಪಾರ್ಟ್‌ನ ಘನರೂಪ ಇರೋ ಜಾಗ) ಮಾಡಿ, ಎಕ್ಸ್‌ವೈ ಪ್ಲೇನ್ ಮೇಲೆ ಸ್ಕೆಚ್ (ಚಪ್ಪಟೆ ರೇಖಾಚಿತ್ರ) ಶುರು ಮಾಡಿ. ಮಾಮೂಲಿ ಆಯತದ ಟೂಲ್‌ನಲ್ಲಿ ಎಲ್ಲೋ ಒಂದು ಕಡೆ ಆಯತ ಎಳೆದರೆ ಪಕ್ಕದ ಪ್ಯಾನೆಲ್‌ನಲ್ಲಿ ಇನ್ನೂ ನಾಲ್ಕು ಡಿಗ್ರಿ ಆಫ್ ಫ್ರೀಡಂ (ಇನ್ನೂ ಕಟ್ಟಿಹಾಕದ ಅಂಶ) ಬಾಕಿ ಇದೆ ಅಂತ ತೋರಿಸುತ್ತೆ. ಉದ್ದ, ಅಗಲ, ಎಕ್ಸ್‌ನಲ್ಲಿ ಎಲ್ಲಿದೆ, ವೈನಲ್ಲಿ ಎಲ್ಲಿದೆ, ಈ ನಾಲ್ಕು. ಎದುರು ಬದುರಿನ ಎರಡು ಮೂಲೆಗಳನ್ನ ಒರಿಜಿನ್‌ಗೆ ಸಿಮೆಟ್ರಿಕ್ ಮಾಡಿದರೆ ಎರಡು ಹೋಯಿತು. ಪಕ್ಕದ ಎರಡು ಬದಿಗಳನ್ನ ಈಕ್ವಲ್ ಮಾಡಿದರೆ ಇನ್ನೊಂದು ಹೋಯಿತು. 90 ಅಂತ ಒಂದೇ ಒಂದು ಡೈಮೆನ್ಶನ್ ಕೊಟ್ಟರೆ ಸೊನ್ನೆ, ಇಡೀ ಸ್ಕೆಚ್ ಹಸಿರು ಬಣ್ಣಕ್ಕೆ ತಿರುಗುತ್ತೆ. ಇದನ್ನೇ ನಿಧಾನವಾಗಿ, ಪ್ರತಿ ಹೆಜ್ಜೆಯಲ್ಲಿ ಅಂಕಿ ಇಳಿಯೋದನ್ನ ನೋಡುತ್ತಾ ಮಾಡಿ ನೋಡಿ. 'ಇದು ಚೌಕ, ಮಧ್ಯದಲ್ಲಿದೆ, 90 ಇದೆ' ಅನ್ನೋ ಮೂರು ವಿಷಯಗಳನ್ನ ಮೂರು ಬೇರೆ ಬೇರೆ ಕನ್‌ಸ್ಟ್ರೇಂಟ್‌ಗಳಾಗಿ, ಅಂದರೆ ಕಟ್ಟುಪಾಡುಗಳಾಗಿ, ಹೇಳಿದ್ದೀರಿ. ಹಾಗೆ ಮಾಡದೆ ನಾಲ್ಕು ಡೈಮೆನ್ಶನ್ ಹಾಕಿದರೂ ಸ್ಕೆಚ್ ಹಸಿರಾಗುತ್ತೆ, ಚಿತ್ರವೂ ಅದೇ ಬರುತ್ತೆ, ಆದರೆ ನಾಳೆ 90 ಹೋಗಿ 100 ಆದಾಗ ನಾಲ್ಕನ್ನೂ ಕೈಯಾರೆ ತಿದ್ದಬೇಕು, ಒಂದು ಮರೆತರೆ ಫ್ಲೇಂಜ್ ಒಂದು ಕಡೆಗೆ ವಾಲುತ್ತೆ.

ಕನ್‌ಸ್ಟ್ರೇಂಟ್ ಅನ್ನೋ ಯೋಚನೆ ಹೊಸದೇನಲ್ಲ. ಐವಾನ್ ಸದರ್‌ಲ್ಯಾಂಡ್ 1963ರಲ್ಲಿ ತೋರಿಸಿದ ಸ್ಕೆಚ್‌ಪ್ಯಾಡ್ ಅನ್ನೋ ಚಿತ್ರ ಬರೆಯೋ ಪ್ರೋಗ್ರಾಂನಲ್ಲೇ ಅದಿತ್ತು. 1980ರ ದಶಕದ ಕೊನೆಯಲ್ಲಿ ಪ್ರೊ ಎಂಜಿನಿಯರ್ ಅನ್ನೋ ಕ್ಯಾಡ್ ಸಾಫ್ಟ್‌ವೇರ್ ಬಂದ ಮೇಲೆ ಅಳತೆ ಬದಲಿಸಿದರೆ ಇಡೀ ಘನರೂಪ ಬದಲಾಗೋ ಪದ್ಧತಿ ಕಾರ್ಖಾನೆಗಳಿಗೆ ಹಬ್ಬಿತು. ಇವತ್ತಿನ ಎಲ್ಲ ದೊಡ್ಡ ಸಾಫ್ಟ್‌ವೇರ್‌ಗಳೂ ಆ ದಾರಿಯಲ್ಲೇ ಇವೆ. ಫ್ರೀಕ್ಯಾಡ್‌ನಲ್ಲಿ ನನಗೆ ಇಷ್ಟವಾದದ್ದು ಬಾಕಿ ಎಷ್ಟಿದೆ ಅಂತ ಅಂಕಿಯಲ್ಲೇ ಹೇಳೋದು, ಮತ್ತು ಆ ಸಂದೇಶದ ಮೇಲೆ ಕ್ಲಿಕ್ ಮಾಡಿದರೆ ಯಾವ ಗೆರೆ ಇನ್ನೂ ಸಡಿಲ ಇದೆ ಅಂತ ಸೆಲೆಕ್ಟ್ ಮಾಡಿ ತೋರಿಸೋದು. ಕನ್‌ಸ್ಟ್ರೇಂಟ್ ಜಾಸ್ತಿಯಾದರೂ ಅಷ್ಟೇ, ಯಾವುದು ಹೆಚ್ಚಾಯ್ತು ಅಂತ ಹೇಳುತ್ತೆ. ಕಲಿಯೋರಿಗೆ ಪಕ್ಕದಲ್ಲಿ ಒಬ್ಬ ಮೇಷ್ಟ್ರು ಕೂತ ಹಾಗೆ.

ಮುಂದಿನ ಹೆಜ್ಜೆಗಳು ಸಲೀಸು. ಚೌಕಕ್ಕೆ 12 ಪ್ಯಾಡ್ (ಸ್ಕೆಚ್‌ಗೆ ದಪ್ಪ ಕೊಡೋದು). ಬಾಸ್‌ಗೆ ವೃತ್ತ ಎಳೆದು ಪ್ಯಾಡ್. ಅದರೊಳಗಿನ ಬೋರ್‌ಗೆ ಎರಡು ದಾರಿ ಇವೆ. ಬೋರ್‌ಗೆ ಒಂದು ಪಾಕೆಟ್ (ಸ್ಕೆಚ್‌ನ ಆಕಾರದಲ್ಲಿ ಕೊರೆಯೋದು), ತೂತಿಗೆ ಇನ್ನೊಂದು ಪಾಕೆಟ್ ಅಂತ ಮಾಡಬಹುದು. ಇಲ್ಲವೇ ಬೋರ್ ಮತ್ತು ಮೆಟ್ಟಿಲಿನ ಅರ್ಧ ಸೆಕ್ಷನ್ ಬರೆದು ಅಕ್ಷದ ಸುತ್ತ ತಿರುಗಿಸಿ ಕೊರೆಯೋ ಗ್ರೂವ್ ಮಾಡಬಹುದು. ನನ್ನ ಓಟು ಎರಡನೆಯದಕ್ಕೆ. ಲೇತ್‌ನಲ್ಲಿ ಆಗೋ ಕೆಲಸವನ್ನ ಒಂದೇ ಅರ್ಧ ಸೆಕ್ಷನ್‌ನಲ್ಲಿ ಬರೆದರೆ ಬೇರಿಂಗ್ ಎಲ್ಲಿ ಕೂರುತ್ತೆ, ಎಲ್ಲಿ ಒರಗುತ್ತೆ ಅನ್ನೋದೆಲ್ಲ ಒಂದೇ ಕಡೆ ಕಾಣುತ್ತೆ. ಮೂರು ತಿಂಗಳ ನಂತರ ಬೇರೆಯವರು ಫೈಲ್ ತೆರೆದರೂ ಅರ್ಥವಾಗುತ್ತೆ.

ಹೋಲ್ ಟೂಲ್ ಬಗ್ಗೆ ಹೇಳಲೇಬೇಕು. ಸ್ಕೆಚ್‌ನಲ್ಲಿ ನಾಲ್ಕು ವೃತ್ತ ಹಾಕಿದರೆ ಅದು ನೋಡೋದು ಕೇಂದ್ರಗಳನ್ನ ಮಾತ್ರ, ವೃತ್ತದ ಅಳತೆ ಲೆಕ್ಕಕ್ಕಿಲ್ಲ. ಐಎಸ್‌ಒ ಮೆಟ್ರಿಕ್, ಎಂ8 ಅಂತ ಆರಿಸಿದರೆ ಬೋಲ್ಟ್ ಸಡಿಲವಾಗಿ ಹಾದುಹೋಗೋ ತೂತಿಗೆ ಸಾಮಾನ್ಯ ಫಿಟ್‌ನಲ್ಲಿ 9 ಮಿ.ಮೀ. ತಾನೇ ತಗೊಳ್ಳುತ್ತೆ. ಟ್ಯಾಪ್ ಹೊಡೆಯೋ, ಅಂದರೆ ಒಳಗೆ ಥ್ರೆಡ್ (ತಿರುಪಿನ ಗೆರೆ) ಕೊರೆಯೋ, ತೂತಾದರೆ 6.8. ಹೊಸಬರು ಎಂ8ಗೆ ಸರಿಯಾಗಿ 8 ಮಿ.ಮೀ. ತೂತು ಕೊಡೋದು ಮಾಮೂಲು, ಬೋಲ್ಟ್ ಒಳಗೆ ಹೋಗಲ್ಲ, ಹೋದರೂ ನಾಲ್ಕೂ ಒಟ್ಟಿಗೆ ಕೂರಲ್ಲ. ಈ ಟೂಲ್ ಬಳಸುತ್ತಾ ಬಳಸುತ್ತಾ ಆ ಅಂಕಿಗಳು ತಲೆಯಲ್ಲಿ ಕೂತುಬಿಡುತ್ತವೆ. ತಲೆ ಒಳಗೆ ಕೂರೋಕೆ ತೂತಿನ ಬಾಯಿ ಅಗಲ ಮಾಡೋ ಕೌಂಟರ್‌ಬೋರ್, ಕೌಂಟರ್‌ಸಿಂಕ್ ಕೂಡ ಅಲ್ಲೇ ಇದೆ. ಥ್ರೆಡ್ ಅನ್ನ ನಿಜವಾಗಿ ಮಾಡೆಲ್ ಮಾಡೋ ಆಯ್ಕೆಯೂ ಇದೆ, ಅದನ್ನ ಮುಟ್ಟಬೇಡಿ. ಕಂಪ್ಯೂಟರ್ ನಿಧಾನ ಆಗುತ್ತೆ, ಡ್ರಾಯಿಂಗ್‌ನಲ್ಲಿ ಎಂ8 ಅಂತ ಬರೆದರೆ ಟ್ಯಾಪ್ ಹೊಡೆಯೋರಿಗೆ ಅಷ್ಟು ಸಾಕು. ತ್ರೀಡಿ ಪ್ರಿಂಟ್ ಮಾಡೋದಾದರೆ ಮಾತ್ರ ಬೇಕಾಗಬಹುದು.

ಈಗ ನಿಜವಾದ ಪರೀಕ್ಷೆಗೆ ಬರೋಣ. 1.0ರಲ್ಲಿ ವಾರ್‌ಸೆಟ್ ಅಂತ ಒಂದು ಹೊಸ ಸೌಲಭ್ಯ ಬಂದಿದೆ, ಅಳತೆಗಳಿಗೆ ಹೆಸರು ಕೊಟ್ಟು ಒಂದೇ ಕಡೆ ಇಡೋಕೆ. ಬೇರಿಂಗ್ ಹೊರ ವ್ಯಾಸ 47, ಅಗಲ 14 ಅಂತ ಅಲ್ಲಿ ಬರೆಯಿರಿ. ಬಾಸ್ ವ್ಯಾಸ ಅಂದರೆ ಬೇರಿಂಗ್ ವ್ಯಾಸಕ್ಕೆ 15 ಕೂಡಿಸಿದ್ದು, ಕೆಳಗಿನ ತೂತು ಅಂದರೆ 9 ಕಳೆದದ್ದು, ಬಾಸ್ ಎತ್ತರ ಅಂದರೆ ಫ್ಲೇಂಜ್ ದಪ್ಪಕ್ಕೆ ಬೇರಿಂಗ್ ಅಗಲ ಕೂಡಿಸಿದ್ದು ಅಂತ ಸೂತ್ರ ಕೊಡಿ. ಆಮೇಲೆ ಬೇರಿಂಗ್ 6205 ಮಾಡಿ, ಅಂದರೆ 52 ಮತ್ತು 15. ಬಾಸ್ 67 ಆಗುತ್ತೆ, ತೂತು 43 ಆಗುತ್ತೆ, ಮೆಟ್ಟಿಲು ತನ್ನ ಜಾಗದಲ್ಲೇ ಇರುತ್ತೆ, ಯಾವುದೂ ತಪ್ಪು ಅಂತ ಕೆಂಪಾಗಲ್ಲ. ಎರಡು ಅಂಕಿ ಬದಲಿಸಿದ್ದಕ್ಕೆ ಹೊಸ ಹೌಸಿಂಗ್ ಸಿದ್ಧ.

ಇನ್ನೂ ಒಂದು ಹೆಜ್ಜೆ ಹೋಗಿ, 6206 ಹಾಕಿ ನೋಡಿ. 62 ಮತ್ತು 16. ಆಗಲೂ ಸಾಫ್ಟ್‌ವೇರ್ ಚಕಾರ ಎತ್ತಲ್ಲ, ಮಾಡೆಲ್ ಚೆನ್ನಾಗಿಯೇ ಕಾಣುತ್ತೆ. ಆದರೆ ಬಾಸ್ ಈಗ 77 ಆಗಿದೆ. ಅದರ ಬುಡಕ್ಕೆ 3 ಮಿ.ಮೀ. ಫಿಲೆಟ್ (ಮೂಲೆಯನ್ನ ದುಂಡಗೆ ಮಾಡೋದು) ಕೊಟ್ಟಿದ್ದರೆ ಫಿಲೆಟ್ ಮುಗಿಯೋದು ಕೇಂದ್ರದಿಂದ 41.5 ಮಿ.ಮೀ. ದೂರದಲ್ಲಿ. ಬೋಲ್ಟ್ ತೂತಿನ ಮಧ್ಯ ಇರೋದು ಮೂಲೆಯ ಕಡೆಗೆ ಓರೆಯಾಗಿ ಅಳೆದರೆ 49.5ರಲ್ಲಿ, ಎಂ8 ವಾಷರ್‌ನ ವ್ಯಾಸ 16, ಅಂದರೆ ವಾಷರ್ ಅಂಚು ಬರೋದೂ 41.5ಕ್ಕೇ. ಕೂದಲೆಳೆಯ ಜಾಗವೂ ಇಲ್ಲ, ತೂತು ಸ್ವಲ್ಪ ಆಚೀಚೆ ಆದರೆ ವಾಷರ್ ಫಿಲೆಟ್ ಮೇಲೆ ಹತ್ತಿ ಓರೆಯಾಗಿ ಕೂರುತ್ತೆ. ಅಂದರೆ ಆ 70 ಅನ್ನೋ ಅಳತೆಯೂ ಬಾಸ್‌ನ ಮೇಲೆ ನಿಲ್ಲಬೇಕಿತ್ತು, ಫ್ಲೇಂಜ್‌ನ 90 ಆ 70ರ ಮೇಲೆ ನಿಲ್ಲಬೇಕಿತ್ತು. ಇದನ್ನ ಯಾವ ಸಾಫ್ಟ್‌ವೇರೂ ತಾನಾಗಿ ಹೇಳಲ್ಲ, ಎಷ್ಟೇ ದುಬಾರಿಯದಾದರೂ. ಆದರೆ ಹೀಗೆ ಅಂಕಿ ಬದಲಿಸಿ ಬದಲಿಸಿ ಆಡೋಕೆ ಸುಲಭ ಮಾಡಿಕೊಡೋ ಸಾಫ್ಟ್‌ವೇರ್ ಇದ್ದರೆ ನಾವೇ ಕಂಡುಕೊಳ್ಳಬಹುದು, ಅಲ್ವಾ? ಫ್ರೀಕ್ಯಾಡ್‌ಗೆ ನಾನು ಪೂರ್ತಿ ಮಾರ್ಕ್ಸ್ ಕೊಡೋದು ಇಲ್ಲಿಗೇ.

ಇನ್ನು ಹಳೆಯ ದೂರು. ಮುಖಗಳಿಗೂ ಅಂಚುಗಳಿಗೂ ಸಾಫ್ಟ್‌ವೇರ್ ಒಳಗೊಳಗೇ ನಂಬರ್ ಕೊಟ್ಟಿರುತ್ತೆ, ಆರನೇ ಮುಖ, ಹದಿನಾಲ್ಕನೇ ಅಂಚು ಅಂತ. ಮೊದಲಿನ ಒಂದು ಸ್ಕೆಚ್ ತಿದ್ದಿದರೆ ಆ ನಂಬರ್‌ಗಳು ಅದಲು ಬದಲಾಗಿ, ಫಿಲೆಟ್ ಬೇರೆ ಅಂಚಿಗೆ ಹಾರುತ್ತಿತ್ತು, ಮುಖದ ಮೇಲೆ ಬರೆದ ಸ್ಕೆಚ್ ಇನ್ನೊಂದು ಮುಖಕ್ಕೆ ಹೋಗಿ ಅಂಟಿಕೊಳ್ಳುತ್ತಿತ್ತು. ಟೋಪೋಲಾಜಿಕಲ್ ನೇಮಿಂಗ್ ಸಮಸ್ಯೆ ಅಂತಾರೆ. ಫ್ರೀಕ್ಯಾಡ್ ಹೆಸರು ಕೆಡಿಸಿದ್ದು ಇದೇ. ರಿಯಲ್‌ಥಂಡರ್ ಅನ್ನೋ ಹೆಸರಿನಲ್ಲಿ ಕೋಡ್ ಬರೆಯೋ ಡೆವಲಪರ್ ಒಬ್ಬರು ಫ್ರೀಕ್ಯಾಡ್‌ನ ತಮ್ಮದೇ ಬೇರೆ ಕವಲಿನಲ್ಲಿ ವರ್ಷಗಟ್ಟಲೆ ಇದಕ್ಕೆ ಪರಿಹಾರ ಕಟ್ಟಿದರು, 1.0ರಲ್ಲಿ ಆ ಕೆಲಸ ಮುಖ್ಯ ಆವೃತ್ತಿಗೆ ಸೇರಿಕೊಂಡಿದೆ. ಈಗ ತೊಂದರೆ ತುಂಬಾ ಕಮ್ಮಿ, ಪೂರ್ತಿ ಹೋಗಿದೆ ಅಂತಲ್ಲ. ಆದ್ದರಿಂದ ಸ್ಕೆಚ್‌ಗಳನ್ನ ಆದಷ್ಟೂ ಮೂಲ ಪ್ಲೇನ್ ಅಥವಾ ಡೇಟಂ ಪ್ಲೇನ್ (ಆಧಾರಕ್ಕೆ ನಾವೇ ಇಡೋ ಪ್ಲೇನ್) ಮೇಲೆ ಬರೆಯಿರಿ, ಸಿಕ್ಕ ಸಿಕ್ಕ ಮುಖದ ಮೇಲೆ ಬೇಡ. ಫಿಲೆಟ್, ಚಾಂಫರ್ (ಅಂಚನ್ನ ಓರೆಯಾಗಿ ಕತ್ತರಿಸೋದು) ಎಲ್ಲ ಕೊನೆಗೆ. ಈ ಶಿಸ್ತು ಬೇರೆ ಯಾವ ಕ್ಯಾಡ್‌ಗೆ ಹೋದರೂ ಕೈ ಹಿಡಿಯುತ್ತೆ.

ಫಿಲೆಟ್ ವಿಷಯದಲ್ಲಿ ಮಾತ್ರ ನಾನು ಬೆನ್ನು ತಟ್ಟಲಾರೆ. ಫ್ರೀಕ್ಯಾಡ್ ನಿಂತಿರೋದು ಓಪನ್ ಕ್ಯಾಸ್ಕೇಡ್ ಅನ್ನೋ ಕರ್ನಲ್ (ಆಕಾರಗಳನ್ನ ಲೆಕ್ಕ ಹಾಕೋ ಒಳಗಿನ ಎಂಜಿನ್) ಮೇಲೆ, ಅದಕ್ಕೆ ಇಕ್ಕಟ್ಟಾದ ಫಿಲೆಟ್ ಅಂದರೆ ಕಷ್ಟ. 12 ದಪ್ಪದ ಅಂಚಿಗೆ ಎರಡೂ ಕಡೆಯಿಂದ ಸರಿಯಾಗಿ 6 ಕೊಟ್ಟರೆ ಅನೇಕ ಸಲ ಆಗಲ್ಲ ಅನ್ನುತ್ತೆ, 5.99 ಕೊಟ್ಟರೆ ಒಪ್ಪುತ್ತೆ. ಮೂರು ಫಿಲೆಟ್ ಒಂದು ಮೂಲೆಯಲ್ಲಿ ಸೇರಿದರೂ ಇದೇ ಗೋಳು. ಸಾಲಿಡ್‌ವರ್ಕ್ಸ್ ಅನ್ನೋ ಕ್ಯಾಡ್ ಸಾಫ್ಟ್‌ವೇರ್ ಬಳಸೋ ಪ್ಯಾರಾಸಾಲಿಡ್ ಕರ್ನಲ್ ಇಂಥ ಕಡೆ ಎಷ್ಟೋ ಗಟ್ಟಿ. ಪೂರ್ತಿ ದುಂಡಗಿನ ಅಂಚು ಬೇಕಾದರೆ ಸ್ಕೆಚ್‌ನಲ್ಲೇ ಆರ್ಕ್ ಬರೆದುಬಿಡಿ, ಜಗಳವೇ ಇರಲ್ಲ. ಪ್ಲಾಸ್ಟಿಕ್ ಕವರ್‌ನಂಥ ಬಾಗು ಬಳುಕಿನ ಮೇಲ್ಮೈಗಳಿಗೂ ಇದು ಸರಿಯಾದ ಸಾಧನ ಅಲ್ಲ.

ಇನ್ನೊಂದು ಗೋಜಲು ವರ್ಕ್‌ಬೆಂಚ್‌ಗಳದು. ಪಾರ್ಟ್ ಅಂತ ಒಂದು, ಪಾರ್ಟ್ ಡಿಸೈನ್ ಅಂತ ಇನ್ನೊಂದು, ಎರಡರಲ್ಲೂ ಫಿಲೆಟ್ ಇದೆ, ಎರಡೂ ಬೇರೆ ಬೇರೆ! ಹೊಸಬರು ಎರಡನ್ನೂ ಬೆರೆಸಿ ಸಿಕ್ಕಿಹಾಕಿಕೊಳ್ಳುತ್ತಾರೆ. ಮೊದಲಿಗೆ ಸ್ಕೆಚರ್, ಪಾರ್ಟ್ ಡಿಸೈನ್, ಡ್ರಾಯಿಂಗ್ ಹಾಳೆ ತಯಾರಿಸೋ ಟೆಕ್‌ಡ್ರಾ ಈ ಮೂರೇ ಸಾಕು. ಮಿಕ್ಕವು ಅಲ್ಲಿವೆ ಅನ್ನೋದನ್ನೇ ಮರೆತುಬಿಡಿ.

ಟೆಕ್‌ಡ್ರಾವನ್ನ ಬಿಡಬೇಡಿ, ಇದು ನನ್ನ ಕಳಕಳಿಯ ಮಾತು. ತ್ರೀಡಿ ಮಾಡೆಲ್ ತಿರುಗಿಸಿ ನೋಡೋದು ಖುಷಿ, ಆದರೆ ಮೆಷಿನ್ ಮುಂದೆ ನಿಂತವರಿಗೆ ಬೇಕಾದ್ದು ಡ್ರಾಯಿಂಗ್. ಬೋರ್ 47 ಅಂತ ಮಾಡೆಲ್‌ನಲ್ಲಿದ್ದರೆ ಸಾಲದು. 47 ಎಚ್7 (ಎಷ್ಟು ಹೆಚ್ಚುಕಡಿಮೆ ಆಗಬಹುದು ಅನ್ನೋ ಗುರುತು) ಅಂತ ಬರೆದಾಗಲೇ ಅದು 47.000ರಿಂದ 47.025ರ ಒಳಗೆ ಇರಬೇಕು ಅಂತ ಗೊತ್ತಾಗೋದು. ಸೆಕ್ಷನ್ ವ್ಯೂ ತೆಗೆದು ಡೈಮೆನ್ಶನ್ ಹಾಕೋಕೆ ಕೂತರೆ ಮಾಡೆಲ್‌ನ ಹುಳುಕುಗಳೂ ಹೊರಗೆ ಬರುತ್ತವೆ. ಯಾವ ಮುಖದಿಂದ ಅಳೆಯಲಿ ಅಂತ ತೋಚದಿದ್ದರೆ ಆ ಅಳತೆಗೆ ಆಧಾರ ಯಾವುದು ಅಂತ ಮಾಡೆಲ್‌ನಲ್ಲೂ ತೀರ್ಮಾನ ಆಗಿಲ್ಲ ಅಂತ ಅರ್ಥ. ನೋಟಗಳನ್ನ ಹಾಳೆಯಲ್ಲಿ ಜೋಡಿಸೋ ಕ್ರಮ ಫಸ್ಟ್ ಆಂಗಲ್ ಬೇಕೋ ಥರ್ಡ್ ಆಂಗಲ್ ಬೇಕೋ ಅನ್ನೋದನ್ನ ಶುರುವಿನಲ್ಲೇ ಸೆಟ್ ಮಾಡಿಕೊಳ್ಳಿ. ಟೆಕ್‌ಡ್ರಾದ ಬಟನ್‌ಗಳು ಸ್ವಲ್ಪ ಒರಟು, ದೊಡ್ಡ ಡ್ರಾಯಿಂಗ್ ಆದರೆ ತಡವರಿಸುತ್ತೆ. ಆದರೂ ಕೆಲಸ ಆಗುತ್ತೆ.

ಅಸೆಂಬ್ಲಿ ವರ್ಕ್‌ಬೆಂಚ್ 1.0ರಲ್ಲಿ ಮೊದಲ ಬಾರಿಗೆ ಜೊತೆಗೇ ಬಂದಿದೆ. ಒಂದು ಪಾರ್ಟ್ ನೆಲಕ್ಕೆ ಕಟ್ಟಿ, ಮಿಕ್ಕವನ್ನ ತಿರುಗೋ ಜಾಯಿಂಟ್, ಜಾರೋ ಜಾಯಿಂಟ್ ಅಂತ ಸೇರಿಸಬಹುದು. ಹೌಸಿಂಗ್, ಬೇರಿಂಗ್, ಶಾಫ್ಟ್ ಇಷ್ಟಕ್ಕೆ ಚೆನ್ನಾಗಿದೆ.

ಕೆಲಸಕ್ಕೋಸ್ಕರ ಕಲಿಯೋರು ಒಂದು ವಿಷಯ ಗಮನಿಸಬೇಕು. ಹೆಚ್ಚಿನ ಕಂಪನಿಗಳು ಸಾಲಿಡ್‌ವರ್ಕ್ಸ್, ಕ್ರಿಯೋ, ಕಟಿಯಾ, ಎನ್‌ಎಕ್ಸ್ ಹೆಸರನ್ನೇ ಕೇಳುತ್ತವೆ, ಫ್ರೀಕ್ಯಾಡ್ ಒಂದೇ ಗೊತ್ತಿದ್ದರೆ ಸಂದರ್ಶನದಲ್ಲಿ ಸಾಲದೇ ಹೋಗಬಹುದು. ಆದರೆ ಇಲ್ಲಿ ಕೈ ಕುದುರಿದವರಿಗೆ ಅಲ್ಲಿ ಬೇಕಾಗೋದು ಮೆನುಗಳ ಪರಿಚಯ ಮಾತ್ರ. ಬ್ರೌಸರ್‌ನಲ್ಲೇ ಓಡೋ ಆನ್‌ಶೇಪ್ ಕೂಡ ಕಲಿಯೋಕೆ ಒಳ್ಳೆಯದೇ, ಬಳಸೋಕೆ ಇದಕ್ಕಿಂತ ನಯ. ಆದರೆ ಅದರ ಉಚಿತ ಖಾತೆಯಲ್ಲಿ ನಿಮ್ಮ ಫೈಲ್‌ಗಳು ಎಲ್ಲರಿಗೂ ಕಾಣುತ್ತವೆ, ನೆಟ್ ಇಲ್ಲದೆ ಏನೂ ಆಗಲ್ಲ.

ಹಾಕಿಕೊಂಡು ಶುರು ಮಾಡೋರಿಗೆ ಒಂದೆರಡು ಮಾತು. ಹಳೆಯ ವಿಡಿಯೋಗಳಲ್ಲಿ 0.19, 0.20 ಆವೃತ್ತಿಯ ಪರದೆ ಇರುತ್ತೆ, ಅಲ್ಲಿ ಪಾತ್ ಅಂತ ಕರೆಯೋ ವರ್ಕ್‌ಬೆಂಚ್‌ನ ಹೆಸರು ಈಗ ಕ್ಯಾಮ್ ಆಗಿದೆ, ಅಸೆಂಬ್ಲಿಗೆ ಬೇರೆ ಆಡ್‌ಆನ್ ಹಾಕಿರುತ್ತಾರೆ, ಗೊಂದಲ ಆಗೋದು ಖಂಡಿತ. 1.0ರ ನಂತರ ಮಾಡಿದ್ದನ್ನೇ ನೋಡಿ. ಅದಕ್ಕಿಂತಲೂ ಒಳ್ಳೆಯದು, ಒಂದು ವರ್ನಿಯರ್ ಹಿಡಿದು ಕೈಗೆ ಸಿಕ್ಕ ಪಾರ್ಟ್ ಅಳೆದು ಮಾಡೆಲ್ ಮಾಡಿ. ಬೇರೆಯವರಿಗೆ ಸ್ಟೆಪ್ ಫೈಲ್ (ಬೇರೆ ಬೇರೆ ಕ್ಯಾಡ್‌ಗಳು ಓದೋ ಸಾಮಾನ್ಯ ರೂಪ) ಕಳಿಸಿದರೆ ಆಕಾರ ಮಾತ್ರ ಹೋಗುತ್ತೆ, ಸ್ಕೆಚ್, ಸೂತ್ರ ಯಾವುದೂ ಹೋಗಲ್ಲ. ಹಾಗಾಗಿ ಮೂಲ ಫೈಲ್ ಬೇರೆಯಾಗಿ ಜೋಪಾನ ಮಾಡಿಕೊಳ್ಳಿ.