ನಮ್ಮೂರ ಸರ್ಕಾರಿ ಶಾಲೆ ಪರವಾಗಿಲ್ವಾ ಅಂತ ಕೇಳುವವರಿಗೆ

ಮೇ ತಿಂಗಳು ಬಂತೆಂದರೆ ಬ್ಲೌಸ್ ಹೊಲಿಸೋಕೆ ಬರುವವರೆಲ್ಲ ಅಳತೆ ಕೊಡುತ್ತಲೇ ಕೇಳುತ್ತಾರೆ: "ಅಕ್ಕ, ನಿಮ್ಮ ಮಕ್ಕಳು ಹೋಗೋ ಸ್ಕೂಲು ಪರವಾಗಿಲ್ವಾ? ನಮ್ಮ ಮಗೂನೂ ಸೇರಿಸಬಹುದಾ?" ಅಳತೆ ಟೇಪು ಹಿಡಿದುಕೊಂಡು ಹೇಳಿ ಮುಗಿಸುವ ಮಾತಲ್ಲ ಇದು. ಅದಕ್ಕೇ ಬರೆಯುತ್ತಿದ್ದೇನೆ.

ನಮ್ಮದು ಮಂಡ್ಯ ತಾಲ್ಲೂಕಿನ ಒಂದು ಊರು, ವಿಶ್ವೇಶ್ವರಯ್ಯ ನಾಲೆಯ ಬಯಲು. ಶಾಲೆ ಸರ್ಕಾರಿ ಕಿರಿಯ ಪ್ರಾಥಮಿಕ, ಒಂದರಿಂದ ಐದನೇ ಕ್ಲಾಸು. ಮಗಳು ನಾಲ್ಕನೇ ಕ್ಲಾಸು, ಮಗ ಒಂದನೇ ಕ್ಲಾಸು. ಮಗಳು ಯುಕೆಜಿ ಮುಗಿಯುವವರೆಗೆ ಪೇಟೆಯ ಕಾನ್ವೆಂಟಿಗೆ ವ್ಯಾನಿನಲ್ಲಿ ಹೋಗುತ್ತಿದ್ದಳು. ಹಾಗಾಗಿ ಎರಡು ಕಡೆಯ ರೀತಿಯೂ ಗೊತ್ತು. ನನ್ನ ಅಭಿಪ್ರಾಯ ಇಷ್ಟು: ಒಂದರಿಂದ ಮೂರನೇ ಕ್ಲಾಸಿಗೆ ಯೋಚನೆ ಮಾಡದೆ ಸೇರಿಸಿ. ನಾಲ್ಕು, ಐದಕ್ಕೆ ಸೇರಿಸುವ ಮುಂಚೆ ಆ ವರ್ಷ ಎಷ್ಟು ಜನ ಮೇಷ್ಟ್ರು ಇದ್ದಾರೆ ಅಂತ ಕೇಳಿಕೊಳ್ಳಿ.

ಯಾಕೆ ಅಂದರೆ, ಚಿಕ್ಕ ಮಕ್ಕಳಿಗೆ ಇಲ್ಲಿ ನಲಿಕಲಿ ಇದೆ, ಅಂದರೆ ಕಾರ್ಡು ಹಿಡಿದು ಆಡುತ್ತಾ ತಮ್ಮ ತಮ್ಮ ವೇಗದಲ್ಲಿ ಕಲಿಯುವ ಪದ್ಧತಿ. ಇದು ಶುರುವಾಗಿದ್ದೇ ನಮ್ಮ ಪಕ್ಕದ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆಯಲ್ಲಿ, 1995ರಲ್ಲಿ, ಯುನಿಸೆಫ್ ನೆರವಿನಿಂದ. ಅಲ್ಲಿನ ಸರ್ಕಾರಿ ಶಾಲೆಯ ಮೇಷ್ಟ್ರುಗಳೇ ಕೂತು ಕಾರ್ಡುಗಳನ್ನು ಮಾಡಿದರು. ಈಗ ರಾಜ್ಯದ ಸರ್ಕಾರಿ ಶಾಲೆಗಳಲ್ಲೆಲ್ಲ ಇದೆ. ಒಂದು, ಎರಡು, ಮೂರನೇ ಕ್ಲಾಸಿನ ಮಕ್ಕಳು ಒಂದೇ ಕೋಣೆಯಲ್ಲಿ ಗುಂಪು ಗುಂಪಾಗಿ ನೆಲದ ಮೇಲೆ ಕೂರುತ್ತಾರೆ. ಇದನ್ನು ನೋಡಿಯೇ ಕೆಲವರು "ಮೂರು ಕ್ಲಾಸು ಒಟ್ಟಿಗೆ ಕುರಿ ಹಾಗೆ ತುಂಬಿದ್ದಾರೆ" ಅಂತ ವಾಪಸ್ ಹೋಗುತ್ತಾರೆ. ದಯವಿಟ್ಟು ಅರ್ಧ ಗಂಟೆ ಒಳಗೆ ಕೂತು ನೋಡಿ. ಮಗು ಗೋಡೆ ಮೇಲಿನ ಕಲಿಕಾ ಏಣಿಯಲ್ಲಿ (ಕಲಿಯಬೇಕಾದ ಮೆಟ್ಟಿಲುಗಳ ಪಟ್ಟಿ) ತಾನು ಎಲ್ಲಿದ್ದೇನೆ ಅಂತ ನೋಡಿಕೊಳ್ಳುತ್ತದೆ. ಅಲ್ಲಿರುವ ಚಿತ್ರದ ಗುರುತು ನೋಡಿ ಕಾರ್ಡು ತೆಗೆದುಕೊಳ್ಳುತ್ತದೆ. ಗುಂಪಿನ ಗುರುತಿಗೆ ಇಟ್ಟ ತಟ್ಟೆಗಳಲ್ಲಿ ಯಾವುದರ ಹತ್ತಿರ ಹೋಗಬೇಕೋ ಅಲ್ಲಿ ಹೋಗಿ ಕೂರುತ್ತದೆ. ಒಂದು ಗುಂಪಿಗೆ ಮಿಸ್ ಪೂರ್ತಿ ಜೊತೆಯಲ್ಲಿರುತ್ತಾರೆ, ಇನ್ನೊಂದರಲ್ಲಿ ಮಕ್ಕಳೇ ಒಬ್ಬರಿಗೊಬ್ಬರು ಹೇಳಿಕೊಡುತ್ತಾರೆ, ಮತ್ತೊಂದರಲ್ಲಿ ತಾವೇ ಮಾಡಿಕೊಳ್ಳುತ್ತಾರೆ.

ಇದರ ಬೆಲೆ ನನಗೆ ಗೊತ್ತಾಗಿದ್ದು ಬಳ್ಳಾರಿ ಕಡೆಯಿಂದ ಕಬ್ಬು ಕಡಿಯೋಕೆ ಬಂದವರ ಹುಡುಗನೊಬ್ಬನನ್ನು ನೋಡಿ. ವಾರಗಟ್ಟಲೆ ಬರುತ್ತಿರಲಿಲ್ಲ. ಬಂದ ದಿನ ಎಲ್ಲಿ ಬಿಟ್ಟಿದ್ದನೋ ಆ ಕಾರ್ಡಿನಿಂದಲೇ ಶುರು ಮಾಡುತ್ತಿದ್ದ. ಪಾಠ ಮುಂದೆ ಹೋಯಿತು, ನಾನು ಹಿಂದೆ ಉಳಿದೆ ಅನ್ನುವ ಭಯವೇ ಅವನಿಗಿರಲಿಲ್ಲ. ಹುಷಾರಿಲ್ಲದೆ ಒಂದು ವಾರ ತಪ್ಪಿಸಿಕೊಂಡ ಮಗುವಿಗೂ ಹೀಗೇ.

ಒಂದು ವಿಷಯ ಮೊದಲೇ ತಿಳಿದಿರಲಿ. ಮಗು ಮನೆಗೆ ಬಂದು ಅ, ಆ, ಇ, ಈ ಹೇಳುವುದಿಲ್ಲ. ಮೊದಲು ಕಲಿಯುವ ಅಕ್ಷರ ರ, ಗ, ಸ, ದ, ಅ. ನಮ್ಮತ್ತೆ ಗಾಬರಿಯಾಗಿ "ಇದೇನವ್ವ, ಅಕ್ಷರಮಾಲೆನೇ ಹೇಳಿಕೊಟ್ಟಿಲ್ಲ" ಅಂದರು. ಒಂದು ತಿಂಗಳು ಕಳೆಯುವಷ್ಟರಲ್ಲಿ ಮಗ ಸರ, ರಸ, ಅಗಸ, ಅರಸ, ಗರಗಸ, ದಸರ ಅಂತ ಓದುತ್ತಿದ್ದ. ಐದೇ ಅಕ್ಷರದಲ್ಲಿ ಅಷ್ಟು ಪದ. ಬರೆಯೋಕೆ ಗೋಡೆಯ ಕೆಳಭಾಗದಲ್ಲಿ ಒಬ್ಬೊಬ್ಬರಿಗೂ ಅವರದೇ ಕಪ್ಪು ಹಲಗೆಯ ಜಾಗ ಇದೆ. ತಲೆ ಮೇಲೆ ದಾರ ಕಟ್ಟಿದ ಚಪ್ಪರ, ಅದರಲ್ಲಿ ಮಕ್ಕಳು ಬರೆದ ಚಿತ್ರ ನೇತಾಡುತ್ತಿರುತ್ತವೆ. ಮಗಳು ಯುಕೆಜಿಯಲ್ಲಿದ್ದಾಗ ಪುಟಗಟ್ಟಲೆ ಕಾಪಿ ಬರೆಯುತ್ತಿದ್ದಳು, ಆದರೆ ಬಸ್ಸಿನ ಬೋರ್ಡು ಓದು ಅಂದರೆ ನನ್ನ ಮುಖ ನೋಡುತ್ತಿದ್ದಳು. ಇವನು ಮಂಡ್ಯ ಬಸ್ ಸ್ಟ್ಯಾಂಡಿನಲ್ಲಿ ಕಂಡ ಬೋರ್ಡನ್ನೆಲ್ಲ ಓದುತ್ತಾನೆ, ಸುಮ್ನೆ ಇರು ಅಂದರೂ ಇರಲ್ಲ.

ಊಟದ ಬಗ್ಗೆ ಎಲ್ಲರೂ ಕೇಳುತ್ತಾರೆ. ಬೆಳಿಗ್ಗೆ ಹಾಲು. 2013ರ ಆಗಸ್ಟಿನಲ್ಲಿ ಶುರುವಾದ ಕ್ಷೀರಭಾಗ್ಯ, ಒಂದು ಮಗುವಿಗೆ 150 ಮಿಲಿಲೀಟರ್, ಪುಡಿಯಿಂದ ಮಾಡುವುದು. ಮನೆಯಲ್ಲಿ ಹಸುವಿನ ಹಾಲು ಕುಡಿದ ನಾಲಿಗೆಗೆ ಮೊದಮೊದಲು ಹಿಡಿಸುವುದಿಲ್ಲ, ನನ್ನ ಮಗ ಮೂಗು ಮುಚ್ಚಿಕೊಂಡು ಕುಡಿಯುತ್ತಿದ್ದ. ವಾರದಲ್ಲಿ ಮೂರು ದಿನ ರಾಗಿ ಮಾಲ್ಟ್ ಬೆರೆಸುತ್ತಾರೆ, ಆವತ್ತು ಲೋಟ ತಳ ಕಾಣುವವರೆಗೂ ಕುಡಿಯುತ್ತಾರೆ. ಮಧ್ಯಾಹ್ನ ಬಿಸಿಯೂಟ. ಅಡುಗೆ ಅಕ್ಕ ನಮ್ಮೂರಿನವರೇ. ಅವರ ಸಾರಿನಲ್ಲಿ ತರಕಾರಿ ಹುಡುಕಬೇಕಾಗಿಲ್ಲ. ಶಾಲೆಯ ಹಿಂದಿನ ಪಾತಿಯಲ್ಲಿ ಮಕ್ಕಳು ಬೆಳೆದ ನುಗ್ಗೆಸೊಪ್ಪು, ಕರಿಬೇವು ಅದಕ್ಕೇ ಬೀಳುತ್ತದೆ. 2024ರ ಸೆಪ್ಟೆಂಬರಿನಿಂದ ಅಜೀಂ ಪ್ರೇಮ್‌ಜಿ ಫೌಂಡೇಶನ್ ನೆರವು ಸೇರಿ ಮೊಟ್ಟೆ ವಾರಕ್ಕೆ ಆರು ದಿನವಾಯಿತು. ತಿನ್ನದವರಿಗೆ ಬಾಳೆಹಣ್ಣು. ಬಡಿಸುವಾಗ ಯಾರಿಗೆ ಮೊಟ್ಟೆ, ಯಾರಿಗೆ ಬಾಳೆಹಣ್ಣು ಅಂತ ಬೇರೆ ಸಾಲು ಮಾಡುವುದಿಲ್ಲ, ಎಲ್ಲರೂ ಒಂದೇ ಸಾಲಿನಲ್ಲಿ ಕೂರುತ್ತಾರೆ. ಇದು ನನಗೆ ಬಹಳ ಇಷ್ಟವಾಯಿತು.

ಯೂನಿಫಾರ್ಮ್ ಬಗ್ಗೆ ನಾನು ಹೇಳಲೇಬೇಕು, ನನ್ನ ಕಸುಬು ಅಲ್ವಾ. ಬಟ್ಟೆ ಉಚಿತ, ಆದರೆ ಹೊಲಿಗೆಯ ಖರ್ಚು ಮನೆಯವರದು. ಊರಿನ ಅರ್ಧ ಮಕ್ಕಳ ಬಟ್ಟೆ ನನ್ನ ಮಿಷನ್ನಿಗೇ ಬರುತ್ತದೆ. ಕತ್ತರಿಸುವ ಮುಂಚೆ ಒಮ್ಮೆ ನೀರಿನಲ್ಲಿ ನೆನೆಸಿ ಒಣಗಿಸಿ ಕೊಡಿ, ಇಲ್ಲದಿದ್ದರೆ ಹೊಲಿದ ಮೇಲೆ ಕುಗ್ಗುತ್ತದೆ. ಅಂಚಿನಲ್ಲಿ ಎರಡು ಇಂಚು ಜಾಸ್ತಿ ಮಡಿಸಿ ಹೊಲಿಸಿ, ಮುಂದಿನ ವರ್ಷಕ್ಕೂ ಆಗುತ್ತದೆ. ಶೂ, ಸಾಕ್ಸ್ ಕೊಡುತ್ತಾರೆ. ಶೂ ಅಳತೆ ತೆಗೆಯುವ ದಿನ ಮಗು ಶಾಲೆಯಲ್ಲಿರುವ ಹಾಗೆ ನೋಡಿಕೊಳ್ಳಿ.

ಈ ವರ್ಷದ ಚಟುವಟಿಕೆಗಳಲ್ಲಿ ಶಾಲಾ ಮಕ್ಕಳ ಸ್ಪರ್ಧೆ ಪ್ರತಿಭಾ ಕಾರಂಜಿಯೇ ಜೋರು. ಕಂಠಪಾಠ, ಅಭಿನಯ ಗೀತೆ, ಛದ್ಮವೇಷ, ಕ್ಲೇ ಮಾಡೆಲಿಂಗ್ ಎಲ್ಲಕ್ಕೂ ನಮ್ಮ ಮಕ್ಕಳು ಹೋದರು. ಐದನೇ ಕ್ಲಾಸಿನ ಹುಡುಗನೊಬ್ಬ ಕೆರೆ ಮಣ್ಣಿನಲ್ಲಿ ಆಲೆಮನೆ ಮಾಡಿದ್ದ. ಗಾಣ, ಕೊಪ್ಪರಿಗೆ, ಬೆಲ್ಲದ ಅಚ್ಚು, ಒಲೆಗೆ ಸಿಪ್ಪೆ ತಳ್ಳುವ ಮನುಷ್ಯ, ಒಂದೂ ಬಿಟ್ಟಿರಲಿಲ್ಲ. ಅವರಪ್ಪ ಆಲೆಮನೆಯಲ್ಲಿ ಕೆಲಸ ಮಾಡುವವರು. ಸುತ್ತಲಿನ ಶಾಲೆಗಳೆಲ್ಲ ಸೇರುವ ಕ್ಲಸ್ಟರ್ ಹಂತದಲ್ಲಿ ಅದಕ್ಕೆ ಮೊದಲ ಬಹುಮಾನ ಬಂತು, ಊರಿಗೆ ಊರೇ ಶಾಲೆಗೆ ಹೋಗಿ ನೋಡಿತು. ಮಗಳಿಗೆ ಯಾವ ಬಹುಮಾನವೂ ಬರಲಿಲ್ಲ, ಆದರೆ ಅಷ್ಟು ಜನರ ಮುಂದೆ ನಿಂತು ಪದ್ಯ ಪೂರ್ತಿ ಹೇಳಿದಳು. ಬೆಳಿಗ್ಗೆ ಪ್ರಾರ್ಥನೆಯಲ್ಲಿ ಸಂವಿಧಾನದ ಪೀಠಿಕೆ ಓದಿಸುವ ಸರದಿ ಬಂದು ಬಂದು ಅವಳ ಹೆದರಿಕೆ ಹೋಗಿದೆ. ಬ್ಯಾಗಿಲ್ಲದ ಸಂಭ್ರಮ ಶನಿವಾರವೂ ಇದೆ, ಆವತ್ತು ಮಾತ್ರ ಎಬ್ಬಿಸುವ ಮೊದಲೇ ಏಳುತ್ತಾರೆ.

ಇನ್ನು ಕೊರತೆ. ಐದು ಕ್ಲಾಸಿಗೆ ಇರುವುದು ಇಬ್ಬರು ಶಿಕ್ಷಕರು. ಮಕ್ಕಳು ಅರವತ್ತರೊಳಗೆ ಇದ್ದರೆ ಕಾನೂನಿನಲ್ಲಿರುವುದೂ ಇಬ್ಬರೇ. ನಲಿಕಲಿ ಕೋಣೆಯಲ್ಲಿ ಒಬ್ಬರು, ನಾಲ್ಕು ಐದಕ್ಕೆ ಒಬ್ಬರು. ಒಬ್ಬರು ತರಬೇತಿಗೆ, ಮೀಟಿಂಗಿಗೆ, ಚುನಾವಣೆ ಕೆಲಸಕ್ಕೆ ಹೋದರೆ ಉಳಿದವರು ಐದೂ ಕ್ಲಾಸು ನೋಡಬೇಕು. ಚಿಕ್ಕವರು ಕಾರ್ಡು ಹಿಡಿದು ಹೇಗೋ ಮಾಡಿಕೊಳ್ಳುತ್ತಾರೆ, ಪೆಟ್ಟು ಬೀಳುವುದು ದೊಡ್ಡ ಮಕ್ಕಳಿಗೆ. 2025ರ ದಸರಾ ರಜೆ ಮೇಷ್ಟ್ರುಗಳನ್ನು ಹಾಕಿದ್ದ ಜಾತಿ ಸಮೀಕ್ಷೆಗಾಗಿ ಅಕ್ಟೋಬರ್ 18ರವರೆಗೆ ಮುಂದುವರಿಯಿತು. ಆಗ ಮಗಳ ಭಾಗಾಕಾರ ಅರ್ಧಕ್ಕೇ ನಿಂತಿತು. ಮೇಷ್ಟ್ರು ಬಿಸಿಲಲ್ಲಿ ಮನೆ ಮನೆ ಸುತ್ತುತ್ತಿದ್ದರು, ಅವರನ್ನು ಬೈಯಲು ಮನಸ್ಸು ಬರಲಿಲ್ಲ. ಬಂದ ಮೇಲೆ ಗಣಿತ ಕಲಿಕಾ ಆಂದೋಲನದ ಪೆಟ್ಟಿಗೆ ತೆಗೆದು, ಮಣಿ, ಬಿಲ್ಲೆ ಹರಡಿಕೊಂಡು ಮತ್ತೆ ಮೊದಲಿಂದ ಹೇಳಿಕೊಟ್ಟರು. ಕಲಿಸುವವರನ್ನು ಕಲಿಸೋಕೆ ಬಿಟ್ಟರೆ ಈ ಶಾಲೆಗೆ ಬೇರೆ ದೊಡ್ಡ ಕೊರತೆ ಇಲ್ಲ. ಇಂಗ್ಲಿಷ್ ಮಾತಾಡುವುದರಲ್ಲಿ ಮಕ್ಕಳು ಹಿಂದಿದ್ದಾರೆ, ಓದುತ್ತಾರೆ, ಬಾಯಿ ಬಿಡುವುದಿಲ್ಲ. ಬೇಸಿಗೆಯಲ್ಲಿ ಶೌಚಾಲಯಕ್ಕೆ ನೀರು ಸಾಲದು. ಕಬ್ಬಿನ ಟ್ರ್ಯಾಕ್ಟರ್ ಓಡಾಡುವ ರಸ್ತೆ ಪಕ್ಕದಲ್ಲೇ ಗೇಟಿದೆ, ಬಿಡುವ ಹೊತ್ತಿಗೆ ಯಾರಾದರೂ ದೊಡ್ಡವರು ಅಲ್ಲಿ ನಿಲ್ಲಲೇಬೇಕು.

ನೀರಿನ ವಿಷಯ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸಭೆಯಲ್ಲಿ ಎತ್ತಿದ್ದೇವೆ, ಪಂಚಾಯಿತಿಗೂ ಅರ್ಜಿ ಹೋಗಿದೆ. ಸಭೆಗೆ ಅಮ್ಮಂದಿರು ಬರುವುದು ಕಡಿಮೆ, ಸೇರಿಸಿದ ಮೇಲೆ ನೀವೂ ಬನ್ನಿ. ಸೇರಿಸೋಕೆ ಜನನ ಪ್ರಮಾಣಪತ್ರ, ಆಧಾರ್, ಜಾತಿ ಆದಾಯ ಪ್ರಮಾಣಪತ್ರ, ರೇಷನ್ ಕಾರ್ಡಿನ ಜೆರಾಕ್ಸ್, ಫೋಟೋ ಇಟ್ಟುಕೊಂಡು ಹೋಗಿ. ವಯಸ್ಸಿನ ಲೆಕ್ಕ ಜೂನ್ 1ಕ್ಕೆ ಹಾಕುತ್ತಾರೆ. ಫೀಸು ಕೇಳುವುದಿಲ್ಲ. ಯೂನಿಫಾರ್ಮ್ ಬಟ್ಟೆ ಬಂದ ತಕ್ಷಣ ತಂದುಕೊಡಿ, ಜೂನ್ ಕೊನೆಗೆ ತಂದರೆ ಆಗಸ್ಟ್ 15ರ ಒಳಗೆ ಹೊಲಿದುಕೊಡೋಕೆ ನನ್ನಿಂದ ಆಗಲ್ಲ.