ವಂಶಾವಳಿ ಸೈಟಿನ ಚಂದಾ: ಸುಳಿವು ನಂಬಬೇಡಿ, ಪುಟ ತಿರುಗಿಸಿ

ಈ ಸೈಟಿಗೆ ಚಂದಾ ಕಟ್ಟಿ ಇದು ಎರಡನೇ ವರ್ಷ. ಇಂಗ್ಲೆಂಡಿನ ಹಳೆಯ ಜನಗಣತಿ, ಚರ್ಚಿನ ರಿಜಿಸ್ಟರ್ ಎಲ್ಲ ಒಂದೇ ಕಡೆ ನೋಡಲು ಸಿಗುವ ದೊಡ್ಡ ವಂಶಾವಳಿ ಸೈಟು. ಹೆಸರು ಹೇಳುವುದಿಲ್ಲ. ಎಷ್ಟು ಕೋಟಿ ದಾಖಲೆ ಇದೆ, ಯಾವ ಪ್ಲಾನ್‌ಗೆ ಏನು ಸಿಗುತ್ತದೆ ಅನ್ನುವುದು ಇಂಥ ಎಲ್ಲ ಸೈಟುಗಳ ಜಾಹೀರಾತಿನಲ್ಲೂ ಇರುತ್ತದೆ, ಅದನ್ನೂ ಬಿಡೋಣ. ನಾನು ಬರೆಯಲು ಕೂತದ್ದು ಇವರು ಕಳಿಸುವ ‘ಸುಳಿವು’ಗಳ ಮೇಲಿನ ಸಿಟ್ಟಿಗೆ.

ಹುಡುಕುತ್ತಿದ್ದದ್ದು ನಮ್ಮ ಅತ್ತೆಯವರ ತಾತನನ್ನು. ಇಂಗ್ಲೆಂಡಿನ ಗಣಿ ಸೀಮೆ ಕಾರ್ನ್‌ವಾಲ್‌ನಿಂದ ಕೋಲಾರದ ಚಿನ್ನದ ಗಣಿಗೆ ಬಂದವರು. 1880ರ ದಶಕದಲ್ಲಿ ಜಾನ್ ಟೇಲರ್ ಅಂಡ್ ಸನ್ಸ್ ಕಂಪನಿ ಕೆಜಿಎಫ್‌ನಲ್ಲಿ ಗಣಿ ನಡೆಸುತ್ತಿದ್ದಾಗ ಕಾರ್ನ್‌ವಾಲ್‌ನ ತಾಮ್ರ, ತವರದ ಗಣಿಗಳು ಸೊರಗಿದ್ದವು. ಅಲ್ಲಿನವರು ಕೆಲಸ ಇದ್ದ ಕಡೆಗೆಲ್ಲ ಹೊರಟರು. ಕೆಲವರು ಆಸ್ಟ್ರೇಲಿಯಾಕ್ಕೆ, ಕೆಲವರು ಅಮೆರಿಕಕ್ಕೆ, ಇನ್ನು ಕೆಲವರು ನಮ್ಮ ಕೋಲಾರಕ್ಕೆ. ಅತ್ತೆಯವರಿಗೆ ಗೊತ್ತಿದ್ದದ್ದು ತಾತನ ಹೆಸರು ಮತ್ತು ಕ್ಯಾಂಬೋರ್ನ್ ಅನ್ನುವ ಊರು, ಅಷ್ಟೇ. ತಾತನ ಕೆಜಿಎಫ್ ಮದುವೆ ಫ್ಯಾಮಿಲಿಸರ್ಚ್ ಅನ್ನುವ ಬಿಟ್ಟಿ ವಂಶಾವಳಿ ಸೈಟಿನ ಭಾರತದ ಇಂಡೆಕ್ಸಿನಲ್ಲಿ ಬಿಟ್ಟಿಯಾಗಿ ಸಿಕ್ಕಿತು: 1892, ವರನ ವಯಸ್ಸು 28, ತಂದೆಯ ಹೆಸರು. ಲೆಕ್ಕ ಹಾಕಿದರೆ 1871ರ ಜನಗಣತಿಯಲ್ಲಿ ಏಳು ವರ್ಷದ ಹುಡುಗ, 1881ರಲ್ಲಿ ಹದಿನೇಳರ ಹುಡುಗ ಇರಲೇಬೇಕು. ಎರಡರಲ್ಲೂ ಇಲ್ಲ. ಅದಕ್ಕೇ ದುಡ್ಡು ಕೊಟ್ಟು ಒಳಗೆ ಹೋದದ್ದು.

ಹೋದ ಮೇಲೆ ಶುರುವಾಯಿತು ನೋಡಿ. ‘ನಿಮ್ಮ ಪೂರ್ವಜರ ಬಗ್ಗೆ ಹೊಸ ಸುಳಿವು ಸಿಕ್ಕಿದೆ’ ಎಂದು ಮೇಲ್ ಬರುತ್ತದೆ. ಆಸೆಯಿಂದ ತೆರೆದರೆ ಅದೇ ಹೆಸರಿನ ಯಾರೋ ಒಬ್ಬರು ದಕ್ಷಿಣ ಆಸ್ಟ್ರೇಲಿಯಾದ ಮೂಂಟಾದಲ್ಲಿ ತೀರಿಕೊಂಡಿದ್ದಾರೆ, ಅದೂ ನಮ್ಮವರು ಕೆಜಿಎಫ್‌ನಲ್ಲಿ ಮದುವೆಯಾಗುವುದಕ್ಕೆ ಮುಂಚೆ! ಇದಕ್ಕೆ ಆಧಾರ ಏನು ಎಂದು ನೋಡಿದರೆ ಇನ್ನೊಬ್ಬ ಸದಸ್ಯರ ವಂಶವೃಕ್ಷ. ಅವರಿಗೆ ಆಧಾರ ಮತ್ತೊಬ್ಬರದು. ಒಬ್ಬರು ಬರೆದದ್ದನ್ನು ಎಲ್ಲರೂ ಸುಮ್ನೆ ಒತ್ತಿಕೊಂಡು ಹೋಗಿದ್ದಾರೆ. ‘ಇವರಲ್ಲ’ ಎಂದು ಒತ್ತಿದರೂ ಸ್ವಲ್ಪ ದಿನ ಬಿಟ್ಟು ಅದೇ ಮನುಷ್ಯ ಬೇರೆ ವೃಕ್ಷದಿಂದ ಮತ್ತೆ ಬರುತ್ತಾರೆ. ಗಣಿ ಊರುಗಳಲ್ಲಿ ಒಂದೇ ಹೆಸರಿನವರು ಮನೆಮನೆಗೂ ಸಿಗುತ್ತಾರೆ, ಸೈಟಿಗೆ ಅದು ಲೆಕ್ಕಕ್ಕೇ ಇಲ್ಲ. ದುಡ್ಡು ಕೊಟ್ಟು ಇಂಥದ್ದನ್ನು ನೋಡಬೇಕಾ ಎಂದು ಮೊದಲ ವರ್ಷ ಪೂರ್ತಿ ಗೊಣಗಿದ್ದೇನೆ.

ಮನಸ್ಸು ಬದಲಾದದ್ದು ಹುಡುಕುವ ಪೆಟ್ಟಿಗೆಯನ್ನು ಬಿಟ್ಟು ಪುಟ ತಿರುಗಿಸಲು ಶುರು ಮಾಡಿದ ಮೇಲೆ. ಈ ಸೌಲಭ್ಯ ಮೆನುವಿನ ತಳದಲ್ಲೆಲ್ಲೋ ಇದೆ. ಜನಗಣತಿಯ ವರ್ಷ, ಕೌಂಟಿ (ಅಲ್ಲಿನ ಜಿಲ್ಲೆ), ಪ್ಯಾರಿಷ್ (ಒಂದು ಚರ್ಚಿಗೆ ಸೇರಿದ ಊರು) ಆರಿಸಿದರೆ ಎಣಿಕೆಯವರು ಬೀದಿ ನಡೆದ ಕ್ರಮದಲ್ಲೇ ಇಡೀ ಊರು ತೆರೆದುಕೊಳ್ಳುತ್ತದೆ.

ಈಗ ರಾತ್ರಿ ಊಟ ಆದ ಮೇಲೆ ಇದೇ ಕೆಲಸ. ಲ್ಯಾಪ್‌ಟಾಪ್ ತೆರೆದು, ಪುಟದ ಚಿತ್ರದ ಬಣ್ಣ ತಿರುವುಮುರುವು ಮಾಡುತ್ತೇನೆ. ಕಪ್ಪು ಹಿನ್ನೆಲೆಯಲ್ಲಿ ಬಿಳಿ ಅಕ್ಷರ ಬಂದರೆ ಮಾಸಿದ ಶಾಯಿ ಎದ್ದು ಕಾಣುತ್ತದೆ. ಒಂದು ಮನೆ ಮುಗಿದ ಕಡೆ ಎರಡು ಓರೆ ಗೆರೆ. ಅದೇ ಮನೆಯಲ್ಲಿ ಇನ್ನೊಂದು ಸಂಸಾರ ಇದ್ದರೆ ಮಧ್ಯೆ ಒಂದೇ ಗೆರೆ. ಆಮೇಲೆ ಲಂಡನ್ನಿನ ಗುಮಾಸ್ತರು ಲೆಕ್ಕ ಕೂಡುವಾಗ ವಯಸ್ಸಿನ ಕಾಲಮ್ಮಿನ ಮೇಲೆ ದಪ್ಪಗೆ ಗೀಟು ಎಳೆದಿದ್ದಾರೆ, ಎಷ್ಟೋ ಕಡೆ ಒಂದೋ ಏಳೋ ತಿಳಿಯುವುದಿಲ್ಲ. ಕಸುಬಿನ ಕಾಲಮ್ಮಿನಲ್ಲಿ ತವರ ಗಣಿ, ತವರ ಗಣಿ, ತಾಮ್ರದ ಗಣಿ. ಹದಿನೈದು ಹದಿನಾರರ ಹೆಣ್ಣುಮಕ್ಕಳೂ ಗಣಿಯ ಮೇಲ್ಗಡೆ ಅದಿರು ಒಡೆಯುವ ಕೆಲಸದಲ್ಲಿದ್ದಾರೆ. ಎರಡು ಬೀದಿ ಓದುವಷ್ಟರಲ್ಲಿ ಹನ್ನೊಂದು ಗಂಟೆ.

1841ರ ಪುಸ್ತಕಕ್ಕೆ ಮಾತ್ರ ಜಾಸ್ತಿ ಹೊತ್ತು ಕೊಡಬೇಡಿ. ಹದಿನೈದು ದಾಟಿದವರ ವಯಸ್ಸನ್ನು ಐದರ ಲೆಕ್ಕಕ್ಕೆ ಇಳಿಸಿ ಬರೆಯಿರಿ ಎಂದು ಅದರಲ್ಲಿ ಹೇಳಿತ್ತು, 39 ಇದ್ದವರು 35 ಆಗಿರುತ್ತಾರೆ. ಮನೆಯವರು ಒಬ್ಬರಿಗೊಬ್ಬರು ಏನಾಗಬೇಕು ಅನ್ನುವುದೂ ಇಲ್ಲ. ಸಂಬಂಧ, ಹುಟ್ಟಿದ ಪ್ಯಾರಿಷ್ ಎಲ್ಲ ಬರುವುದು 1851ರಿಂದ.

ಹುಡುಗ ಸಿಕ್ಕಿದ್ದು ಚರ್ಚಿನ ದಾರಿಯಿಂದ. ಇಂಗ್ಲೆಂಡಿನಲ್ಲಿ ಹುಟ್ಟು, ಸಾವು ದಾಖಲಿಸುವ ಜನರಲ್ ರಿಜಿಸ್ಟರ್ ಆಫೀಸಿನ ಆನ್‌ಲೈನ್ ಇಂಡೆಕ್ಸ್ ಬಿಟ್ಟಿ, ಅದರಲ್ಲಿ ಮಗುವಿನ ತಾಯಿಯ ತವರಿನ ಮನೆತನದ ಹೆಸರೂ ಇರುತ್ತದೆ. ಅಲ್ಲಿಂದ ತಾಯಿಯ ಕಡೆಯ ಹೆಸರು ಹಿಡಿದೆ. ಕ್ಯಾಂಬೋರ್ನ್‌ನ ಚರ್ಚ್ ಪುಸ್ತಕದಲ್ಲಿ ದೀಕ್ಷಾಸ್ನಾನ ಇರಲಿಲ್ಲ. ಕಾರ್ನ್‌ವಾಲ್‌ನಲ್ಲಿ ಮೆಥಡಿಸ್ಟ್ ಅನ್ನುವ ಬೇರೆ ಪಂಗಡದವರು ಬಹಳ, ಅವರ ಪುಸ್ತಕಗಳೇ ಬೇರೆ. ಆದರೆ ಶವಸಂಸ್ಕಾರದ ಪುಸ್ತಕದಲ್ಲಿ 1866ರಲ್ಲಿ ತಂದೆ ಇದ್ದಾರೆ, ವಯಸ್ಸು 31. ಮೂರು ವರ್ಷದ ನಂತರ ಮದುವೆ ಪುಸ್ತಕದಲ್ಲಿ ತಾಯಿ ಇದ್ದಾರೆ, ಹೆಸರಿನ ಮುಂದೆ ‘ವಿಧವೆ’, ಅವರ ತಂದೆಯ ಹೆಸರು ನಾನು ಹಿಡಿದದ್ದಕ್ಕೆ ಸರಿಹೊಂದುತ್ತದೆ. ಸಹಿಯ ಜಾಗದಲ್ಲಿ ಒಂದು ಇಂಟು ಗುರುತು, ಅದರ ಸುತ್ತ ಪಾದ್ರಿಯ ಕೈಬರಹದಲ್ಲಿ ಅವರ ಹೆಸರು. ಹೊಸ ಗಂಡನ ಮನೆತನದ ಹೆಸರು ಹಾಕಿ 1871 ತೆರೆದರೆ ಹುಡುಗ ಅಲ್ಲೇ ಕೂತಿದ್ದಾನೆ! ‘ಮಗ, 7, ಶಾಲೆಗೆ ಹೋಗುತ್ತಾನೆ.’ ಎಣಿಕೆಯವರು ಇಡೀ ಮನೆಗೆ ಯಜಮಾನನ ಹೆಸರನ್ನೇ ಬರೆದುಬಿಟ್ಟಿದ್ದರು.

1881ರಲ್ಲಿ ಆತ ಪಕ್ಕದ ಇಲ್ಲೋಗನ್ ಪ್ಯಾರಿಷ್‌ನಲ್ಲಿ ಬೇರೆಯವರ ಮನೆಯಲ್ಲಿ ಬಾಡಿಗೆಗಿದ್ದ. ಈ ಸಲ ಹೆಸರು ಸರಿಯಾಗಿಯೇ ಇದೆ, ಕೆಟ್ಟದ್ದು ಸೈಟಿನವರು ಟೈಪ್ ಮಾಡಿದ ಪಟ್ಟಿ. ಹುಡುಗನ ಮನೆತನದ ಹೆಸರು ‘ಟ್ರೆ’ ಎಂದು ಶುರುವಾಗುತ್ತದೆ, ಕಾರ್ನ್‌ವಾಲ್‌ನಲ್ಲಿ ಹೆಜ್ಜೆಗೊಂದು ಸಿಗುವಂಥದ್ದು. ಇವರ ಪಟ್ಟಿಯಲ್ಲಿ ಟಿ ಅಕ್ಷರ ಎಫ್ ಆಗಿದೆ. ತಿದ್ದುಪಡಿ ಕಳಿಸಿದೆ, ಅದನ್ನು ಹಾಕಿದರು, ಅದೊಂದು ಸಮಾಧಾನ. ಆದರೂ ಕೇಳುತ್ತೇನೆ, ಊರೆಲ್ಲ ‘ಟ್ರೆ’ ಇರುವ ಕಡೆ ಒಂದೇ ಒಂದು ‘ಫ್ರೆ’ ಬಂದರೆ ಅನುಮಾನ ಬರಬಾರದಾ? ಹುಡುಕುವವರು ಮನೆತನದ ಹೆಸರಿನ ಜಾಗ ಖಾಲಿ ಬಿಟ್ಟು, ಬರೀ ಮೊದಲ ಹೆಸರು, ವಯಸ್ಸು, ಹುಟ್ಟಿದ ಊರು ಹಾಕಿ ನೋಡಿ. ಎಷ್ಟೋ ಜನ ಹಾಗೆ ಸಿಗುತ್ತಾರೆ.

ನಾನು ಕೇಳಿರದ ಇನ್ನೊಂದು ಸಿಕ್ಕಿತು, 1911ರ ಹಾಳೆ. ಆ ವರ್ಷದಿಂದ ಮನೆಯವರೇ ತುಂಬಿದ ಹಾಳೆಗಳು ಉಳಿದಿವೆ, ಅದಕ್ಕೂ ಹಿಂದಿನವು ಎಣಿಕೆಯವರು ತಮ್ಮ ಪುಸ್ತಕಕ್ಕೆ ಇಳಿಸಿಕೊಂಡ ನಕಲು. ಮಲತಂದೆಯೇ ನಡುಗುವ ಕೈಯಲ್ಲಿ ಬರೆದಿದ್ದಾರೆ. ಹೆಂಡತಿಗೆ ಎಷ್ಟು ಮಕ್ಕಳು ಹುಟ್ಟಿದವು, ಎಷ್ಟು ಬದುಕಿವೆ ಎಂದು ಹಾಳೆಯಲ್ಲೇ ಕೇಳಿದ್ದಾರೆ. ಆದರೆ ಈಗಿನ ಮದುವೆಯ ಮಕ್ಕಳು ಮಾತ್ರ ಲೆಕ್ಕ. ಹಾಗಾಗಿ ಕೆಜಿಎಫ್‌ನಲ್ಲಿ ಆರೋಗ್ಯವಾಗಿದ್ದ ಹಿರಿಮಗ ಆ ಲೆಕ್ಕದಲ್ಲಿ ಇಲ್ಲ. ಅತ್ತೆಯವರಿಗೆ ಫೋನಿನಲ್ಲಿ ಓದಿ ಹೇಳಿದೆ. ‘ಆ ಹಾಳೆ ಪ್ರಿಂಟ್ ತೆಗೆದು ಕಳಿಸಿ’ ಅಂದರು, ಬೇರೇನೂ ಕೇಳಲಿಲ್ಲ.

ಹಾಗಂತ ಎಲ್ಲರೂ ತಗೊಳ್ಳಿ ಎನ್ನುವುದಿಲ್ಲ. ನಮ್ಮ ಕಡೆಯ ಮನೆತನ ಹುಡುಕಲು ಇದು ಉಪಯೋಗಕ್ಕೆ ಬರುವುದಿಲ್ಲ. ಭಾರತದ ಜನಗಣತಿಯಲ್ಲಿ ಮನೆಮನೆಯ ಹಾಳೆ ಯಾರಿಗೂ ತೋರಿಸುವಂತಿಲ್ಲ, 1948ರ ಕಾಯ್ದೆಯೇ ಹಾಗಿದೆ, ಹೊರಗೆ ಬರುವುದು ಒಟ್ಟು ಅಂಕಿ ಮಾತ್ರ. ಇಂಗ್ಲೆಂಡಿನಲ್ಲಿ ನೂರು ವರ್ಷ ಕಾದು ಹೆಸರು ಸಮೇತ ಬಿಡುತ್ತಾರೆ, 1921ರದ್ದು 2022ರಲ್ಲಿ ಬಂತು. ಮುಂದಿನದಕ್ಕೆ ಕಾಯಬೇಡಿ, 1931ರದ್ದು 1942ರ ಬೆಂಕಿಯಲ್ಲಿ ಸುಟ್ಟುಹೋಗಿದೆ.

ದುಡ್ಡಿನ ವಿಷಯದಲ್ಲಿ ನಾನು ಜಿಪುಣ. ವರ್ಷದ ಚಂದಾ ಪೌಂಡಿನಲ್ಲಿ ಹೋಗುತ್ತದೆ, ಮೇಲೆ ಕಾರ್ಡಿನವರ ಕಡಿತ, ಎರಡನೇ ವರ್ಷ ರಿಯಾಯಿತಿಯೂ ಮಾಯ. ಪುಟ ತಿರುಗಿಸುವುದಕ್ಕೆ ಐದಕ್ಕೆ ಐದು, ಸುಳಿವಿಗೆ ಸೊನ್ನೆ, ಒಟ್ಟು ಮೂರು ಕೊಡುತ್ತೇನೆ. ಮುಂದಿನ ವರ್ಷ ಮುಂದುವರಿಸುವುದಿಲ್ಲ. ನಿಮಗೆ ಬೇಕಿದ್ದರೆ ಮೊದಲು ಫ್ರೀಸೆನ್ (ಜನಗಣತಿಗೆ), ಫ್ರೀರೆಗ್ (ಚರ್ಚಿನ ಪುಸ್ತಕಗಳಿಗೆ), ಫ್ಯಾಮಿಲಿಸರ್ಚ್‌ನಲ್ಲಿ ಬಿಟ್ಟಿ ಸಿಗುವಷ್ಟನ್ನು ನೋಡಿ ಮುಗಿಸಿ. ಮೂಲ ಪುಟ ನೋಡಲೇಬೇಕಾದವರ ಪಟ್ಟಿ ಬರೆದಿಟ್ಟುಕೊಂಡು, ರಜೆ ಇರುವ ಒಂದು ತಿಂಗಳಿಗೆ ಮಾತ್ರ ಚಂದಾ ಕಟ್ಟಿ. ಕಟ್ಟಿದ ದಿನವೇ ಆಟೋ ರಿನ್ಯೂವಲ್ ಆಫ್ ಮಾಡಿ. ಆ ಬಟನ್ ಅಕೌಂಟ್ ಸೆಟ್ಟಿಂಗ್ಸ್‌ನಲ್ಲಿ ತೀರಾ ಕೆಳಗೆ, ಸಣ್ಣ ಅಕ್ಷರದಲ್ಲಿದೆ. ಒತ್ತಿದ ಮೇಲೆ ‘ನಿಜವಾಗಿಯೂ ಹೋಗುತ್ತೀರಾ’ ಎಂದು ಮತ್ತೆ ಮತ್ತೆ ಕೇಳುತ್ತದೆ. ಎಲ್ಲದಕ್ಕೂ ಹೌದು ಅನ್ನಿ.